ಅನ್ನದಲ್ಲಿ ಕೂದಲು, ಕೂದಲಲ್ಲಿ ಅನ್ನ

ತಟ್ಟೆಯಲ್ಲಿ ಒಂದೆಳೆ ಕೂದಲು ಕಂಡರೆ ಕೈ ಅಲ್ಲಿಗೇ ನಿಲ್ಲುತ್ತದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಉಣ್ಣಬಾರದ ಅನ್ನಗಳ ಪಟ್ಟಿಯೊಂದಿದೆ. ಕೂದಲೋ ಹುಳುವೋ ಬಿದ್ದ ಅನ್ನ ಅದರಲ್ಲಿ ಸೇರಿದೆ. ಮನುವಿನ ಹೆಸರೇ ಕೇಳದ ಮನೆಯಲ್ಲೂ, ಆ ಹೆಸರು ಕೇಳಿದರೆ ಸಿಟ್ಟಾಗುವ ಮನೆಯಲ್ಲೂ ಈ ಒಂದು ವಿಷಯದಲ್ಲಿ ನಡೆ ಬೇರೆಯಲ್ಲ. ಆದರೆ ಅದೇ ಮನೆಗಳಲ್ಲಿ ರಾತ್ರಿ ನೆನೆಹಾಕಿದ ಮೆಂತ್ಯೆಯನ್ನು ಬೆಳಿಗ್ಗೆ ರುಬ್ಬಿ, ಹುಳಿ ಮೊಸರಿನಲ್ಲಿ ಕಲಸಿ ನೆತ್ತಿಗೆ ಮೆತ್ತಿಕೊಳ್ಳುತ್ತಾರೆ. ಉಳ್ಳಾಗಡ್ಡಿ ಹಿಂಡಿ ಬುಡಕ್ಕೆ ಸವರುತ್ತಾರೆ, ಕಡಲೆಹಿಟ್ಟು ಹಚ್ಚುತ್ತಾರೆ, ಅಕ್ಕಿ ತೊಳೆದ ನೀರನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಎಲ್ಲವೂ ಗಳಿಗೆ ಹೊತ್ತಿನಲ್ಲಿ ಬಚ್ಚಲ ಮೋರಿ ಸೇರುತ್ತದೆ. ಕೂದಲು ಅನ್ನಕ್ಕೆ ಬಿದ್ದರೆ ಅನ್ನ ಕೆಟ್ಟಿತು. ಅನ್ನವೇ ಕೂದಲಿಗೆ ಹೋದರೆ ಕೆಡುವುದು ಯಾವುದು? ಉಣ್ಣುವ ಪದಾರ್ಥವನ್ನು ತಲೆಗೆ ತಿಕ್ಕಿ ಹರಿಯಬಿಡುವುದು ಪಾಪ ಎಂದು ಗದರುವ ಹಿರಿಯರಿದ್ದಾರೆ. ಅವರ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಸುಲಭ. ಅದರೊಳಗಿರುವ ಪ್ರಶ್ನೆ ಮಾತ್ರ ಸುಲಭದ್ದಲ್ಲ: ಅನ್ನಕ್ಕೆ ನಾವು ಸಲ್ಲಿಸಬೇಕಾದ ಗೌರವ ನಿಜವಾಗಿ ಯಾವುದು?

ಈ ಗೌರವದ ಮಾತಿಗೆ ಎಲ್ಲರೂ ಆಧಾರವಾಗಿ ತೋರಿಸುವುದು ತೈತ್ತಿರೀಯ ಉಪನಿಷತ್ತನ್ನು. ಅದರ ಭೃಗುವಲ್ಲಿಯಲ್ಲಿ ವರುಣನ ಮಗ ಭೃಗು ತಪಸ್ಸು ಮಾಡಿ ಮೊದಲು ಅನ್ನವೇ ಬ್ರಹ್ಮವೆಂದು ತಿಳಿಯುತ್ತಾನೆ. ಅಲ್ಲಿಗೆ ನಿಲ್ಲದೆ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದದವರೆಗೆ ಹೋಗುತ್ತಾನೆ. ಸಾಮಾನ್ಯವಾಗಿ ಉಪನ್ಯಾಸಕಾರರು ಕಥೆಯನ್ನು ಇಲ್ಲಿಗೆ ಮುಗಿಸಿ ಮಂಗಳ ಹಾಡಿಬಿಡುತ್ತಾರೆ. ಉಪನಿಷತ್ತು ಮುಗಿಸುವುದಿಲ್ಲ. ಆನಂದ ಮುಟ್ಟಿದ ಮೇಲೆ ಅದು ಮತ್ತೆ ಅನ್ನದ ಬಳಿಗೇ ಇಳಿದು ಬಂದು ಕೆಲವು ವ್ರತಗಳನ್ನು ಹೇಳುತ್ತದೆ: ಅನ್ನವನ್ನು ಹಳಿಯಬಾರದು, ಬೇಡವೆಂದು ತಳ್ಳಬಾರದು, ಅನ್ನವನ್ನು ಹೆಚ್ಚಿಸಬೇಕು, ಆಸರೆ ಕೇಳಿ ಬಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು, ಅದಕ್ಕಾಗಿಯೇ ಅನ್ನವನ್ನು ಯಥೇಚ್ಛವಾಗಿ ಕೂಡಿಡಬೇಕು. ಈ ವ್ರತಗಳಲ್ಲಿ ಅನ್ನವನ್ನು ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂಬ ಮಾತೇ ಇಲ್ಲ. ಇರುವುದೆಲ್ಲ ಅನ್ನ ಯಾರಿಗೆ ತಲುಪಬೇಕು ಎಂಬುದರ ಬಗ್ಗೆ. ಅನ್ನದ ಅವಮಾನ ಆಗುವುದು ಅದು ಕೂದಲನ್ನು ಸೋಕಿದಾಗ ಅಲ್ಲ, ಹಸಿದವನ ಬಾಯಿ ತಪ್ಪಿದಾಗ. ನನ್ನ ವಾದವೂ ಇಷ್ಟೇ: ಅಡುಗೆಮನೆಯ ಪದಾರ್ಥ ತಲೆಗೆ ಹೋಗುವುದರಲ್ಲಿ ದೋಷವಿಲ್ಲ, ಹಸಿದ ಬಾಯಿಗೆ ಮೊದಲು, ತಲೆಗೆ ಆಮೇಲೆ ಎಂಬ ಸರದಿ ತಪ್ಪುವುದರಲ್ಲಿ ಇದೆ.

ಮೊದಲು ಸೋಂಕಿನ ಪ್ರಶ್ನೆ. ಹಂಪಿಯ ವಿರೂಪಾಕ್ಷ ಗುಡಿಗೆ ಹೊಂದಿಕೊಂಡಂತಿರುವ ಮಠ ವಿದ್ಯಾರಣ್ಯರ ಹೆಸರಿನದು. ಅವರದೆಂದು ಪರಂಪರೆ ಒಪ್ಪಿರುವ ‘ಪಂಚದಶಿ’ಯ ಮೂರನೆಯ ಪ್ರಕರಣ ಪಂಚಕೋಶಗಳ ವಿವೇಚನೆಗೆ ಮೀಸಲು. ತಂದೆತಾಯಿ ಉಂಡ ಅನ್ನದಿಂದ ಹುಟ್ಟಿ, ಅನ್ನದಿಂದಲೇ ಬೆಳೆಯುವ ಈ ದೇಹ ಅನ್ನಮಯ ಎಂಬುದು ಅಲ್ಲಿನ ಮೊದಲ ಮೆಟ್ಟಿಲು. ಹಾಗಾದರೆ ಕೂದಲೂ ಅನ್ನವೇ. ಬದುಕಿರುವ ಮನುಷ್ಯನಿಂದ ಕೂದಲು ಹೊಮ್ಮುವಂತೆ ಅಕ್ಷರ ತತ್ತ್ವದಿಂದ ವಿಶ್ವ ಹೊಮ್ಮುತ್ತದೆ ಎಂದು ಮುಂಡಕೋಪನಿಷತ್ತು ಸೃಷ್ಟಿಯನ್ನು ವಿವರಿಸುವಾಗ, ಜೇಡ ಮತ್ತು ಗಿಡಮೂಲಿಕೆಗಳ ಜೊತೆಗೆ ಕೂದಲನ್ನೂ ತರುತ್ತದೆ. ಹೇಸಿಗೆಯ ವಸ್ತುವಾಗಿದ್ದರೆ ಆ ಜಾಗಕ್ಕೆ ಅದು ಬರುತ್ತಿರಲಿಲ್ಲ. ಹಾಗಿದ್ದರೆ ತಟ್ಟೆಯ ಕೂದಲಿಗೆ ಯಾಕಷ್ಟು ಹೇಸುತ್ತೇವೆ? ಅದು ತನ್ನ ಜಾಗ ಬಿಟ್ಟು ಬಂದಿದೆ, ಅದಕ್ಕೆ. ಮೈಲಿಗೆ ಎಂಬುದು ವಸ್ತುವಿನ ಗುಣವಲ್ಲ, ಜಾಗ ತಪ್ಪಿದ್ದರ ಫಲ ಎಂದು ಮೇರಿ ಡಗ್ಲಸ್ ಎಂಬ ಮಾನವಶಾಸ್ತ್ರಜ್ಞೆ 1966ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮುಡಿಯಲ್ಲಿದ್ದಾಗ ಹೂ ಮುಡಿಸಿಕೊಳ್ಳುವ ಅದೇ ಎಳೆ ಉದುರಿದ ಮೇಲೆ ಕಸ. ಮುಡಿಯಲ್ಲಿ ತನ್ನ ಜಾಗದಲ್ಲೇ ಇರುವ ಕೂದಲಿಗೆ ಮೊಸರು ಹಚ್ಚಿದರೆ ಅನ್ನಮಯಕ್ಕೆ ಅನ್ನ ಸೇರಿತು, ಅಷ್ಟೆ.

ಹಂಪಿಯ ದೇವರುಗಳು ಈ ವಿಷಯದಲ್ಲಿ ಮಡಿವಂತರಲ್ಲ. ಹೇಮಕೂಟದ ಆಸುಪಾಸಿನಲ್ಲಿ ಕೂತಿರುವ ಎರಡು ಏಕಶಿಲಾ ಗಣಪತಿಗಳಿಗೆ ಜನ ಇಟ್ಟಿರುವ ಹೆಸರು ಸಾಸಿವೆಕಾಳು, ಕಡಲೆಕಾಳು. ಎಂಟಡಿಯವನು ಸಾಸಿವೆ, ಹದಿನೈದಡಿಯವನು ಕಡಲೆ. ಒಗ್ಗರಣೆ ಡಬ್ಬಿಯಿಂದ ದೇವರ ಹೆಸರು ಎತ್ತಿಕೊಳ್ಳುವ ಸಲಿಗೆ ಇದು. ಪೂಜೆ ನಡೆಯುವ ವಿರೂಪಾಕ್ಷನಿಗಾದರೋ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ನೆತ್ತಿಯ ಮೇಲೇ ಬೀಳುತ್ತವೆ. ದೇವರ ತಲೆಗೆ ಸಲ್ಲುವುದು ಮನುಷ್ಯರ ತಲೆಗೆ ಸಲ್ಲದು ಎನ್ನಲು ಕಾರಣ ಬೇಕು, ಆ ಕಾರಣ ನನಗೆ ಎಲ್ಲೂ ಕಂಡಿಲ್ಲ. ಅರಮನೆಯ ಸಾಕ್ಷಿಯೂ ಇದೆ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ದಿನಚರಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯ ಒಂದಳತೆ ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಳ್ಳುತ್ತಿದ್ದ, ಭಾರ ಎತ್ತಿ ಕತ್ತಿ ತಿರುಗಿಸಿ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಧನೆ ಮಾಡಿ, ಆಮೇಲೆ ಕುಸ್ತಿ, ಕುದುರೆ ಸವಾರಿ, ಕೊನೆಗೆ ಸ್ನಾನ. ಒಳಗೂ ಹೊರಗೂ ಒಂದೇ ಎಣ್ಣೆ. ಕ್ರಮವನ್ನು ಮಾತ್ರ ಗಮನಿಸಬೇಕು: ಮೊದಲು ಹೊಟ್ಟೆಗೆ, ಆಮೇಲೆ ಮೈಗೆ.

ಇಷ್ಟಕ್ಕೆ ಕಟುವಾದ ಆಕ್ಷೇಪ ಬರುವುದು ಮಡಿಯವರಿಂದಲ್ಲ, ಶರಣರ ಕಡೆಯಿಂದ. ಕಲ್ಲಿನ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಬಡಿಯುವವರನ್ನು, ಉಣ್ಣದ ಲಿಂಗಕ್ಕೆ ನೈವೇದ್ಯ ಹಿಡಿದು ಉಣ್ಣುವ ಜಂಗಮನನ್ನು ಅಟ್ಟುವವರನ್ನು ಬಸವಣ್ಣ ಬಿಟ್ಟಿಲ್ಲ. ಅಭಿಷೇಕವೇ ಆಕ್ಷೇಪಕ್ಕೆ ಒಳಗಾದ ಮೇಲೆ ಅದನ್ನು ತೋರಿಸಿ ತಲೆಯ ಮೊಸರನ್ನು ಸಮರ್ಥಿಸಲಾದೀತೆ? ಆಗದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ನಾನು ಹೇಳುವ ಸರದಿಯ ನಿಯಮ ಹುಟ್ಟುವುದೇ ಅಲ್ಲಿಂದ. ಹಳೆಯ ಅಡುಗೆಮನೆ ಈ ನಿಯಮವನ್ನು ಶಾಸ್ತ್ರ ಮಾಡದೆಯೇ ಪಾಲಿಸಿತ್ತು. ತಲೆ ತೊಳೆಯಲು ಅದು ಬಳಸಿದ ಸೀಗೆಕಾಯಿ, ಅಂಟವಾಳಕಾಯಿಗಳು ಯಾರ ಊಟದ ಪಾಲೂ ಅಲ್ಲ. ಅದು ಹಚ್ಚಿದ ಮಜ್ಜಿಗೆ ಉಣ್ಣಲಾರದಷ್ಟು ಹುಳಿ ಬಂದದ್ದು. ದಾಸವಾಳದ ಎಲೆ ಬೇಲಿಯದು. ಮೆಂತ್ಯೆ ಒಂದು ಮುಷ್ಟಿ. ಎಣ್ಣೆಯೊಂದೇ ದುಡ್ಡಿನ ವಸ್ತು, ಅದಕ್ಕೆ ವಾರವೋ ಹಬ್ಬವೋ ಗೊತ್ತು ಮಾಡಿ ಮಿತಿ ಹಾಕಿದ್ದರು. ನೀರು ತುಂಬುವ ಹಬ್ಬದಂದು ಹಂಡೆ ತೊಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ ಎರೆದುಕೊಳ್ಳುವುದು ಬಡ ಮನೆಗೂ ವರ್ಷಕ್ಕೊಮ್ಮೆ ಸಿಗಲೇಬೇಕಾದ ಪಾಲಾಗಿತ್ತು. ಕಂಪ್ಲಿಯಂಥ ಭತ್ತದ ಸೀಮೆಯಲ್ಲಿ ಅಕ್ಕಚ್ಚಿಗೂ ಒಬ್ಬ ಹಕ್ಕುದಾರಳಿದ್ದಾಳೆ: ಹಟ್ಟಿಯ ಎಮ್ಮೆ. ಅಕ್ಕಿ ತೊಳೆದ ನೀರನ್ನು ಹುಳಿ ಬರಿಸಿ ಕೂದಲಿಗೆ ಹಾಕಿದರೆ ನೀಳವಾಗುತ್ತದೆ ಎಂದು ಈಗ ದೂರದೇಶದ ಉದಾಹರಣೆ ಕೊಟ್ಟು ಹೇಳುವವರಿಗೆ ಎಮ್ಮೆಯ ಪಾಲು ನೆನಪಿರಲಿಕ್ಕಿಲ್ಲ. ಎಮ್ಮೆ ಇಲ್ಲದ ಮನೆಯಲ್ಲಿ ಧಾರಾಳವಾಗಿ ಸುರಿದುಕೊಳ್ಳಬಹುದು.

ಎರಡನೆಯ ಆಕ್ಷೇಪ ವಿಜ್ಞಾನದ್ದು. ಹಚ್ಚಿದ್ದರಿಂದ ಉಪಯೋಗವೇ ಇಲ್ಲದಿದ್ದರೆ ಸರದಿಯ ಮಾತೆಲ್ಲ ಯಾಕೆ, ಅದು ಬರೀ ಪೋಲು. ಇದಕ್ಕೆ ಒಂದೇ ಏಟಿಗೆ ಉತ್ತರವಿಲ್ಲ, ಪದಾರ್ಥಕ್ಕೊಂದು ಉತ್ತರವಿದೆ. ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ಎಣ್ಣೆಯಾಗಲಿ ಹಾಗೆ ಮಾಡುವುದಿಲ್ಲ ಎಂದು 2003ರ ಒಂದು ಅಧ್ಯಯನ ತೋರಿಸಿತು. ಅದನ್ನು ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮುಂಬೈ ಕಂಪನಿಯೊಂದರ ಸಂಶೋಧಕರೇ. ಆದರೂ ಅದರ ರಸಾಯನಶಾಸ್ತ್ರ ಗಟ್ಟಿಯಾಗಿದೆ. ಉಳ್ಳಾಗಡ್ಡಿ ರಸದ ಖ್ಯಾತಿಗೆ ಮೂಲ 2002ರಲ್ಲಿ ಬಾಗ್ದಾದಿನ ಚರ್ಮವೈದ್ಯರು ಪ್ರಕಟಿಸಿದ ಸಣ್ಣ ಪ್ರಯೋಗ. ರಸ ಹಚ್ಚಿದ 23 ಜನರಲ್ಲಿ 20 ಮಂದಿಗೆ ಆರು ವಾರದಲ್ಲಿ ಕೂದಲು ಬಂತು, ಬರೀ ನಲ್ಲಿ ನೀರು ಹಚ್ಚಿದ 15 ಜನರಲ್ಲಿ ಇಬ್ಬರಿಗೆ ಮಾತ್ರ. ಆದರೆ ಅದು ತಲೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋಗುವ ಕಾಯಿಲೆಗೆ ಸಂಬಂಧಿಸಿದ್ದು, ಆ ಕಾಯಿಲೆ ಎಷ್ಟೋ ಸಲ ತಾನಾಗಿಯೇ ವಾಸಿಯಾಗುವಂಥದ್ದು. ವಂಶಪಾರಂಪರ್ಯವಾಗಿ ಬೋಳಾಗುವ ತಲೆಗೆ ಅದನ್ನು ಅನ್ವಯಿಸಲಾಗದು. ಮೆಂತ್ಯೆಯ ಲೋಳೆ ಎಳೆಗಳ ಮೇಲೆ ಪದರವಾಗಿ ಕೂತು ಸಿಕ್ಕು ಬಿಡಿಸಲು ನೆರವಾಗುತ್ತದೆ, ಅದರಾಚೆ ಅದಕ್ಕೆ ಪವಾಡವಿಲ್ಲ. ಸೀಗೆಕಾಯಿಯ ನೊರೆ ಕೊಳವೆಬಾವಿಯ ಗಡಸು ನೀರಲ್ಲೂ ಸೋಪಿನಂತೆ ಬಿಳಿ ಗಸಿ ಕಟ್ಟುವುದಿಲ್ಲ. ಗಡಸು ನೀರಿನ ನಮ್ಮ ಬಳ್ಳಾರಿಯ ಒಣ ಸೀಮೆಗೆ ಇದು ಸಣ್ಣ ಗುಣವಲ್ಲ. ತಲೆಹೊಟ್ಟಿಗೆ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಡುವುದು ಮಾತ್ರ ತಪ್ಪು ಲೆಕ್ಕ, ಆ ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಬದುಕುವುದೇ ಕೊಬ್ಬಿನ ಮೇಲೆ. ‘ಅಷ್ಟಾಂಗಹೃದಯ’ ದಿನವೂ ಅಭ್ಯಂಗ ಮಾಡು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚು ಎಂದು ಹೇಳಿದ ಬೆನ್ನಿಗೇ ಕಫ ಹೆಚ್ಚಿದವರಿಗೂ ಅಜೀರ್ಣದವರಿಗೂ ಅದು ಬೇಡ ಎಂದೂ ಹೇಳುತ್ತದೆ. ಎಣ್ಣೆಯ ಭಕ್ತರು ಮೊದಲ ಮಾತನ್ನಷ್ಟೇ ಓದಿಕೊಂಡಿದ್ದಾರೆ.

ಆದರೆ ಈ ಪುರಾವೆಗಳೆಲ್ಲ ಸೇರಿ ಹೇಳುವುದು ಇನ್ನೊಂದು ಮಾತು, ನಮ್ಮ ಪ್ರಶ್ನೆಗೆ ಅದೇ ಮುಖ್ಯ. ಚರ್ಮದ ಹೊರಗೆ ಬಂದ ಕೂದಲು ಜೀವವಿಲ್ಲದ ನಾರು. ಅದಕ್ಕೆ ಹೊರಗಿನಿಂದ ಹೊಳಪು ಕೊಡಬಹುದು, ಕಾಪಾಡಬಹುದು, ಉಣ್ಣಿಸಲಾಗದು. ಉಣ್ಣುವುದು ಬುಡ, ಅದು ಉಣ್ಣುವುದು ರಕ್ತದಿಂದ, ರಕ್ತ ಆಗುವುದು ತಟ್ಟೆಯಿಂದ. ಈ ಸರಳ ಸಂಗತಿ ಸಂಡೂರಿನಲ್ಲಿ ವಿಚಿತ್ರ ರೂಪ ತಾಳುತ್ತದೆ. ದೋಣಿಮಲೆಯ ಸುತ್ತಲಿನ ಗುಡ್ಡಗಳ ಅದಿರಿನಲ್ಲಿ ನೂರಕ್ಕೆ ಅರವತ್ತರ ಮೇಲೆ ಕಬ್ಬಿಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ತನಕ ಆ ಕಬ್ಬಿಣ ಲಾರಿಗಟ್ಟಲೆ ಬಂದರುಗಳಿಗೆ ಹೋಯಿತು, ಅದರ ಕೆಂಪು ಧೂಳು ದಾರಿಯ ಊರುಗಳ ಹೆಂಗಸರ ಮುಡಿಯಲ್ಲಿ ಕೂತಿತು. ಅದೇ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿ ರಕ್ತಹೀನರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ರಕ್ತಹೀನತೆಗೆ ಬೇರೆ ಕಾರಣಗಳೂ ಇವೆ, ಕೂದಲು ಉದುರಲಿಕ್ಕೂ ಇವೆ. ಹೆರಿಗೆಯಾಗಿ, ಇಲ್ಲವೆ ಜೋರು ಜ್ವರ ಬಂದುಹೋಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರಿ ಮತ್ತೆ ಬರುವುದುಂಟು. ಹಾಗಿದ್ದೂ ಕೂದಲು ಉದುರುತ್ತದೆಂದು ಬಂದ ಹೆಂಗಸಿನಲ್ಲಿ ವೈದ್ಯರು ಮೊದಲು ಪರೀಕ್ಷಿಸುವುದರಲ್ಲಿ ಕಬ್ಬಿಣದ ಕೊರತೆಯೂ ಒಂದು. ಕಾಲ ಕೆಳಗೆ ಕಬ್ಬಿಣ, ತಲೆಯ ಮೇಲೆ ಕಬ್ಬಿಣದ ಧೂಳು, ರಕ್ತದಲ್ಲಿ ಮಾತ್ರ ಇಲ್ಲ. ಇಂಥ ತಲೆಗೆ ನಿಂಬೆರಸ ತಿಕ್ಕಿ ಬಿಸಿಲಿಗೆ ಹೊರಟರೆ ಹಣೆಯ ಮೇಲೆ ಸುಟ್ಟ ಕಲೆ ಬಿದ್ದೀತೇ ಹೊರತು ಕೂದಲು ಬರದು. ಅದೇ ನಿಂಬೆಯನ್ನು ಸಜ್ಜೆ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯದ ಮೇಲೆ ಹಿಂಡಿದರೆ ಊಟದ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಸರದಿಯ ನಿಯಮ ನೀತಿಯಷ್ಟೇ ಅಲ್ಲ, ಶರೀರಶಾಸ್ತ್ರವೂ ಹೌದು: ತಲೆಗೆ ಅನ್ನ ಕೊಡುವ ದಾರಿ ಬಾಯಿಯ ಮೂಲಕವೇ ಹಾದುಹೋಗುತ್ತದೆ.

ವೈರಾಗ್ಯದ ಕಡೆಯಿಂದಲೂ ಒಂದು ಆಕ್ಷೇಪ ಉಳಿದಿದೆ. ಅನ್ನಮಯ ಕೋಶ ಹುಟ್ಟುವ ಮೊದಲು ಇರಲಿಲ್ಲ, ಸತ್ತ ಮೇಲೆ ಇರುವುದಿಲ್ಲ, ಆದ್ದರಿಂದ ಅದು ಆತ್ಮವಲ್ಲ ಎಂದಲ್ಲವೇ ಪಂಚದಶಿ ಹೇಳುವುದು? ಆತ್ಮವಲ್ಲದ್ದಕ್ಕೆ ಇಷ್ಟು ಉಪಚಾರ ಯಾಕೆ? ವಿರೂಪಾಕ್ಷನನ್ನು ಪಡೆಯಲು ಪಂಪೆ ತಪಸ್ಸು ಮಾಡಿದಳು, ಅಕ್ಕಮಹಾದೇವಿಗೆ ಕೂದಲೇ ಉಡುಗೆಯಾಯಿತೆಂದು ಪರಂಪರೆ ಹೇಳುತ್ತದೆ, ಶಿವನೇ ಜಟಾಧಾರಿ. ತಾನಾಗಿ ಆರಿಸಿಕೊಂಡ ವೈರಾಗ್ಯದ ಮುಂದೆ ನನ್ನ ವಾದಕ್ಕೆ ಹೇಳಲು ಏನೂ ಇಲ್ಲ. ಆದರೆ ಈ ಸೀಮೆಯಲ್ಲಿ ಉಪಚಾರವಿಲ್ಲದ ಕೂದಲು ಯಾವಾಗಲೂ ಆಯ್ಕೆಯಾಗಿರಲಿಲ್ಲ. ಎಣ್ಣೆ ಕಾಣದೆ, ಬಾಚಣಿಗೆ ಕಾಣದೆ ಹುಡುಗಿಯ ಕೂದಲು ಗಂಟುಗಟ್ಟಿದರೆ ಅದು ಜಟೆ, ಎಲ್ಲಮ್ಮನ ಕರೆ ಎಂದು ಓದಿಬಿಡುವ ನಂಬಿಕೆ ಬಳ್ಳಾರಿ, ವಿಜಯನಗರ, ಕೊಪ್ಪಳ ಸೀಮೆಗಳಲ್ಲಿ ಬೇರುಬಿಟ್ಟಿತ್ತು. ಬಿಡಿಸಬಾರದು, ಕತ್ತರಿಸಬಾರದು, ಕತ್ತರಿಸಿದರೆ ಕೇಡು. ಆ ಗಂಟು ಎಷ್ಟೋ ಮಕ್ಕಳಿಗೆ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ, ಮುತ್ತು ಕಟ್ಟಿಸುವ ನೆಪವಾಯಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ 1982ರ ಕರ್ನಾಟಕದ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು, ಕೂದಲಿನ ಗಂಟಿನ ಅರ್ಥವನ್ನು ಬದಲಿಸುವುದು ಕಾಯ್ದೆಯಿಂದ ಆಗುವ ಕೆಲಸವಲ್ಲ. ಪೋಲೆಂಡಿನಲ್ಲೂ ಒಂದು ಕಾಲಕ್ಕೆ ಇದೇ ಜಟೆಯನ್ನು ಕತ್ತರಿಸಿದರೆ ಕುರುಡಾಗುತ್ತಾರೆ, ಹುಚ್ಚರಾಗುತ್ತಾರೆ ಎಂದು ಹೆದರುತ್ತಿದ್ದರು. ಅದು ಕೊಳೆ ಮತ್ತು ಸಿಕ್ಕು, ಬೇರೇನಲ್ಲ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹೋರಾಡಿದವನು ಕ್ರಾಕೋವ್ ನಗರದ ವೈದ್ಯ ಜೋಸೆಫ್ ಡೀಟ್ಲ್. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೆಂಗಸರಿಗೆ ಧೈರ್ಯ ಹೇಳಿ ಜಟೆ ತೆಗೆಯುತ್ತ ಬಂದಿದ್ದಾರೆ. ವಿಧವೆಯ ತಲೆ ಬೋಳಿಸಿ ಅವಳಿಗೆ ಹೂವು, ಎಣ್ಣೆಸ್ನಾನ ತಪ್ಪಿಸಿದ್ದೂ ಇದೇ ವೈರಾಗ್ಯದ ಹೆಸರಿನಲ್ಲಿ. ಮೇಲಿನವರು ತಮಗೆ ಅಭ್ಯಂಗ ಇಟ್ಟುಕೊಂಡು ಕೆಳಗಿನವರಿಗೆ, ಹೆಂಗಸರಿಗೆ ದೇಹ ನಶ್ವರವೆಂದು ಬೋಧಿಸಿದರೆ ಆ ವೇದಾಂತವನ್ನು ನಂಬಬೇಕಾಗಿಲ್ಲ. ಒಂದು ಮಗುವಿನ ಸಿಕ್ಕು ಬಿಡಿಸಲು ಖರ್ಚಾಗುವ ಎಣ್ಣೆಯಷ್ಟು ಸದ್ವಿನಿಯೋಗವಾದ ಎಣ್ಣೆ ಗುಡಿಯ ದೀಪದಲ್ಲೂ ಇರಲಾರದು.

ಹಾಗೆಂದು ಅಡುಗೆಮನೆಯದು, ಗಿಡದಿಂದ ಬಂದದ್ದು, ಆದ್ದರಿಂದ ಶುದ್ಧ ಎಂಬ ಈಚಿನ ಭಕ್ತಿಯನ್ನು ನಾನು ಹಂಚಿಕೊಳ್ಳಲಾರೆ. ಶಿವನಿಗೆ ಏರಿಸುವ ದತ್ತೂರಿಯೂ ಗಿಡದಿಂದಲೇ ಬಂದದ್ದು. ವಿಜಯನಗರದ ಆರಂಭದ ಕಾಲದಲ್ಲೇ ಮಂಗರಾಜ ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ ಬರೆದು ವಿಷಗಳನ್ನು ಸ್ಥಾವರ, ಜಂಗಮ ಎಂದು ವಿಂಗಡಿಸಿ ವಿವರಿಸಿದ. ಪ್ರಕೃತಿ ತಾಯಿ ಎಂದು ಎಲ್ಲವನ್ನೂ ಬಾಯಿಗೂ ತಲೆಗೂ ಹಾಕಿಕೊಳ್ಳುವ ಭ್ರಮೆ ಆ ಜೈನ ಕವಿಗೆ ಇರಲಿಲ್ಲ.

ಸರದಿಯ ನಿಯಮವನ್ನು ಮೊಟ್ಟೆಗೆ ಹಚ್ಚಿ ನೋಡಬಹುದು, ಕೂದಲಿನ ಪಾಕಗಳಲ್ಲಿ ಅದಕ್ಕಿಂತ ಹೆಚ್ಚು ಹೊಗಳಿಸಿಕೊಂಡ ವಸ್ತು ಇಲ್ಲ. ಮೊಟ್ಟೆಯ ಪ್ರೋಟೀನ್ ಕೂದಲಿನೊಳಗೆ ಇಳಿಯಲಾರದಷ್ಟು ದೊಡ್ಡದು, ಮೇಲೆ ಒಣಗಿ ತೊಳೆದು ಹೋಗುತ್ತದೆ. 2021ರ ಡಿಸೆಂಬರ್‌ನಲ್ಲಿ ಬಳ್ಳಾರಿಯೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಕೆಲವು ಮಠಾಧೀಶರು ಧರ್ಮದ ಹೆಸರಿನಲ್ಲಿ ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದು ಸರ್ಕಾರ ಹೇಳಿತು. ಸೋಜಿಗವೆಂದರೆ ಅಡುಗೆಮನೆಗೆ ಬರಬಾರದ ಮೊಟ್ಟೆ ಕೆಲವು ಮನೆಗಳಲ್ಲಿ ಬಚ್ಚಲಿಗೆ ಬರುತ್ತದೆ: ಮಗುವಿನ ತಟ್ಟೆಯಲ್ಲಿ ಮೈಲಿಗೆ, ದೊಡ್ಡವರ ನೆತ್ತಿಯ ಮೇಲೆ ಔಷಧಿ. ಕೂದಲಿಗೆ ಹಚ್ಚುವ ಬಾಳೆಹಣ್ಣಿನ ಪಾಕದ ಕಥೆಯೂ ಬೇರೆಯಲ್ಲ, ಹೊಸಪೇಟೆಯ ತೋಟಗಳಲ್ಲಿ ಬಾಳೆಗೆ ಬರವಿಲ್ಲದಿದ್ದರೂ ಪಾಕಕ್ಕೆ ಹೋಗುವುದು ಮಾತ್ರ ಕಳಿತ ಚೆಂದದ ಹಣ್ಣು. ಮೊಟ್ಟೆ ತಿನ್ನುವುದು ಬಿಡುವುದು ಅವರವರ ನಂಬಿಕೆ, ಅದರಲ್ಲಿ ನನಗೆ ತಕರಾರಿಲ್ಲ. ತಲೆಗೆ ಹಚ್ಚಲು ಅಡ್ಡಿಯಾಗದ ಧರ್ಮ ಹಸಿದ ಮಗುವಿನ ತಟ್ಟೆಗೆ ಮಾತ್ರ ಅಡ್ಡ ಬರುವುದಾದರೆ, ಭೃಗುವಲ್ಲಿಯ ವ್ರತ ಮುರಿಯುವುದು ಆ ತಟ್ಟೆಯ ಹತ್ತಿರ. ಬಚ್ಚಲಲ್ಲಿ ಮೆಂತ್ಯೆ ಮೆತ್ತಿಕೊಂಡು ಕೂತವಳ ಹತ್ತಿರ ಅಲ್ಲ. ಅವಳು ಊಟ ಮಾಡಿದ್ದಾಳೆಯೇ ಎಂದು ಕೇಳಿದರೆ ಸಾಕು.